ಸುಗುಣತ್ತೆಯ ಮದುವೆಗೆ ತಾತನ ಅಡ್ಡಿ

ಸ್ವಲ್ಪ ತಾಳಿ, ಎದ್ದು ಹೋಗಬೇಡಿ. ತುಂಬಿದ ಚರ್ಚಿನಲ್ಲಿ ನಮ್ಮ ತಾತ ಎದ್ದು ನಿಂತು ಸ್ವಂತ ಮಗಳ ಮದುವೆಗೇ ಅಡ್ಡಿ ಹೇಳಿದ ಕಥೆ ಈಗ ಬರುತ್ತದೆ. ಅದಕ್ಕೆ ಮೊದಲು ಹಾಲು ಸೀದ ವಾಸನೆ ಬರಬೇಕು. ಇವತ್ತು ಬೆಳಿಗ್ಗೆ ನನ್ನ ಒಲೆಯ ಮೇಲೆ ಹಾಲು ತಳ ಹಿಡಿಯಿತು ನೋಡಿ, ಜಯನಗರದ ನಮ್ಮ ಹೆಂಚಿನ ಮನೆ ಇಡೀ ಮೂಗಿನೊಳಗೆ ಬಂದು ಕೂತುಬಿಟ್ಟಿತು. ಅರವತ್ತರ ದಶಕದ ಮೊದಲ ವರ್ಷಗಳು. ಸುತ್ತ ಇನ್ನೂ ಖಾಲಿ ಸೈಟುಗಳು, ಹುಲ್ಲು, ಯಾರದೋ ಎಮ್ಮೆಗಳು. ಮನೆಯೊಳಗೆ ದಿನವಿಡೀ ಒಂದೇ ಕೂಗು: "ಸುಗುಣಾ!" ಕಾಫಿಗೆ ಸುಗುಣಾ, ಕನ್ನಡಕಕ್ಕೆ ಸುಗುಣಾ. ಆಕೆ ನನ್ನ ಅಪ್ಪನ ತಂಗಿ. ಅಜ್ಜಿ ತೀರಿಕೊಂಡ ಮೇಲೆ ಮನೆ ನಡೆದದ್ದು ಅವರ ಕೈಯಲ್ಲೇ. ಸಂಜೆ ಪ್ರಾರ್ಥನೆಯಲ್ಲಿ ತಾತನಿಗೆ ಬಲು ಪ್ರಿಯವಾದ ವಿಷಯ ಯೇಸು ಶಿಷ್ಯರ ಕಾಲು ತೊಳೆದದ್ದು. ಹೇಳುತ್ತಾ ಹೇಳುತ್ತಾ ಕಣ್ಣೀರು ಹಾಕುತ್ತಿದ್ದರು. ಅದೇ ಹೊತ್ತಿಗೆ ಅವರ ಎರಡೂ ಕಾಲು ಅತ್ತೆಯ ಮಡಿಲಲ್ಲಿರುತ್ತಿದ್ದವು, ಅತ್ತೆ ಎಣ್ಣೆ ತಿಕ್ಕುತ್ತಿದ್ದರು.

ಅತ್ತೆಗೆ ಮೂವತ್ತು ದಾಟಿತ್ತು. ಬಂದ ಗಂಡುಗಳಿಗೆಲ್ಲ ತಾತ ಏನಾದರೊಂದು ಕೊರತೆ ಹುಡುಕುತ್ತಿದ್ದರು. ಒಬ್ಬ ಜೋರಾಗಿ ನಗುತ್ತಾನೆ, ಇನ್ನೊಬ್ಬ ನಗುವುದೇ ಇಲ್ಲ. ಕೊನೆಗೆ ತಲಘಟ್ಟಪುರದ ಸ್ಕೂಲ್ ಮೇಷ್ಟ್ರೊಬ್ಬರು ಬಂದಾಗ ಅತ್ತೆಯೇ ಬಾಯಿಬಿಟ್ಟು "ಇವ್ರು ಆಗ್ಬಹುದು" ಎಂದರು. ಅಪ್ಪ ತಡಮಾಡದೆ ಮಾತು ಮುಗಿಸಿದರು. ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಹೆಸರು ಓದಿ, ಯಾರಿಗಾದರೂ ಅಡ್ಡಿಯಿದ್ದರೆ ಹೇಳಿ ಎಂದು ಕೇಳುವ ಪದ್ಧತಿ. ಎರಡು ಭಾನುವಾರ ತಾತ ಸುಮ್ಮನಿದ್ದರು. ಮೂರನೆಯ ಸಲ ಪಾದ್ರಿ ಅಯ್ಯನವರು ಓದಿ ಮುಗಿಸಿದ್ದೇ ತಡ, ಮುಂದಿನ ಬೆಂಚಿನಿಂದ ಕೋಲು ಊರಿಕೊಂಡು ಎದ್ದರು.

"ನಂಗೆ ಅಡ್ಡಿ ಇದೆ, ಅಯ್ಯನವ್ರೇ!"

ಅತ್ತೆ ಸೆರಗು ಬಿಗಿಯಾಗಿ ಹಿಡಿದುಕೊಂಡದ್ದು ನನಗೆ ಕಾಣಿಸಿತು. "ಏನು ಹೇಳಿ, ಯಜಮಾನ್ರೇ," ಎಂದರು ಅಯ್ಯನವರು.

"ಇವ್ಳು ಹೋದ್ರೆ ಬೆಳಿಗ್ಗೆ ನಂಗೆ ಕಾಫಿ ಮಾಡೋರ್ಯಾರು?"

ಚರ್ಚಿಗೆ ಚರ್ಚೇ ನಕ್ಕಿತು. ಅಯ್ಯನವರೂ ಪುಸ್ತಕ ಅಡ್ಡ ಹಿಡಿದು ನಕ್ಕರು. "ಅದಕ್ಕೆಲ್ಲ ಮದ್ವೆ ನಿಲ್ಲಲ್ಲ. ಬೇರೆ ಏನಾದ್ರೂ ಇದ್ಯಾ?"

ತಾತ ಬಾಯಿ ತೆರೆದರು, ಹುಡುಕಿದರು. "ಬೇರೆ... ಬೇರೇನೂ ಇಲ್ಲ," ಎಂದು ಕೂತರು. ಆಮೇಲಿನ ಒಂದು ಕೀರ್ತನೆಗೂ ಅವರ ದನಿ ಏಳಲಿಲ್ಲ.

ಮನೆಗೆ ನಡೆದು ಬರುವಾಗ ಎಮ್ಮೆಗಳ ಹತ್ತಿರ ನಿಂತುಬಿಟ್ಟರು. "ಸುಗುಣಾ, ಅಷ್ಟು ಜನದ ಮುಂದೆ ನಂಗೆ ಕಾಫಿ ನೆನಪಾಯ್ತಮ್ಮಾ. ನೀನು ನೆನಪಾಗ್ಲಿಲ್ಲ."

ಅತ್ತೆ ಸೆರಗು ಸರಿಮಾಡಿಕೊಂಡರು. ಆಮೇಲೆ ಕೇಳಿದರು, "ಸಕ್ಕರೆ ಡಬ್ಬ ಎಲ್ಲಿದೆ ಗೊತ್ತಾ ಅಪ್ಪಾ, ನಿಮ್ಗೆ?"

"ಇಲ್ಲ."

"ಬನ್ನಿ, ತೋರಿಸ್ತೀನಿ."

ಮದುವೆ ಆಯಿತು. ತಾತ ಕಾಫಿ ಕಲಿತರು, ಅಂದರೆ ಹಾಲು ಸೀಯಿಸುವುದನ್ನು ಕಲಿತರು. ಪ್ರತಿ ಕ್ರಿಸ್ಮಸ್ಸಿಗೆ ಅತ್ತೆ ಬಂದಾಗ ಅವರನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಡದೆ, ತಾತ ತಾವೇ ಲೋಟ ತಂದುಕೊಡುತ್ತಿದ್ದರು. "ಚೆನ್ನಾಗಿದೆ ಅಪ್ಪಾ." "ಹಬ್ಬದ ದಿನ ಸುಳ್ಳು ಹೇಳ್ಬೇಡ ಕಣೇ!" ಅತ್ತೆ ಒಂದು ಹನಿಯೂ ಬಿಡದೆ ಕುಡಿಯುತ್ತಿದ್ದರು. ಈಗ ಅವರಿಬ್ಬರೂ ಇಲ್ಲ, ಆ ಹೆಂಚಿನ ಮನೆಯೂ ಇಲ್ಲ. ಇವತ್ತಿನ ಸೀದ ಹಾಲನ್ನು ನಾನು ಚೆಲ್ಲಲಿಲ್ಲ, ಕಾಫಿ ಮಾಡಿಕೊಂಡು ಕುಡಿದೆ. ನಿಮ್ಮ ಮನೆಯಲ್ಲೂ ಎಲ್ಲರೂ ಕೂಗುತ್ತಿದ್ದ ಹೆಸರೊಂದು ಇದ್ದೇ ಇರುತ್ತದೆ. ಆ ಹೆಸರು ಬರೆದು ತಿಳಿಸಿ. ಅವರಿಗೆ ಯಾರಾದರೂ ಒಮ್ಮೆಯಾದರೂ ಕಾಫಿ ಮಾಡಿ ಕೊಟ್ಟಿದ್ದರೆ, ಅದನ್ನೂ ಬರೆಯಿರಿ.