ಬಿತ್ತನೆ ಶೇಂಗಾ ಹುರಿದ ದಿನ

ನನಗೆ ಸಿಟ್ಟು ಬಂದರೆ ಸಾಕು, ನಮ್ಮ ಮನೆಯವರೆಲ್ಲ ಗೋಡೆಗೂಡಿನಲ್ಲಿದ್ದ ಮಾತ್ರೆ ಡಬ್ಬಿಯ ಕಡೆ ನೋಡುತ್ತಿದ್ದರು. ಮನಸ್ಸಿನ ಕಾಯಿಲೆ ಬಿದ್ದ ವರ್ಷ ಅವ್ವ ನನ್ನನ್ನು ಬಿಳಿಚೋಡಿನಿಂದ ಹೊನ್ನಾಳಿಯವರೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದಳು. ಹತ್ತಿರದಲ್ಲಿ ತೋರಿಸಿದರೆ ಯಾರಾದರೂ ನೋಡಿಬಿಟ್ಟಾರು ಎಂಬ ಭಯ. ಓಣಿಯವರಿಗೆ ಹೊಟ್ಟೆನೋವು ಎಂದು ಹೇಳಿದ್ದಳು. ಪಾಪ, ಅವರು ನಂಬಿ ಜೀರಿಗೆ ಕಷಾಯ ಕಳಿಸುತ್ತಿದ್ದರು. ನಾನು ಕುಡಿಯುತ್ತಿದ್ದೆ.

ಗುಣವಾಗಿದ್ದೀಯ, ಆದರೆ ಮಾತ್ರೆ ಬಿಡಬೇಡ ಎಂದರು ಡಾಕ್ಟರು. ಮನೆಯವರು ಎರಡನೆಯ ಮಾತನ್ನು ಮಾತ್ರ ಕೇಳಿಸಿಕೊಂಡರು. ಹಾಲು ಉಕ್ಕಿತೆಂದು ಗೊಣಗಿದರೂ ಮಾತ್ರೆ ತೆಗೆದುಕೊಂಡೆಯಾ ಎನ್ನುತ್ತಿದ್ದ ಅಣ್ಣ. ಪ್ರೀತಿಯಿಂದಲೇ ಕೇಳುತ್ತಿದ್ದ, ಅದೇ ಮೈ ಉರಿಸುತ್ತಿತ್ತು. ಬರಬರುತ್ತ ನನಗೇ ಗೊಂದಲ ಹತ್ತಿತು. ಬಂದ ಸಿಟ್ಟು ನನ್ನದೋ, ಕಾಯಿಲೆಯದೋ? ತಿಳಿಯದೆ ನುಂಗಿಕೊಳ್ಳುತ್ತಿದ್ದೆ.

ಆ ಮುಂಗಾರಿಗೆ ಬಿತ್ತನೆಯ ಶೇಂಗಾವನ್ನು ನಾನೇ ಕೂತು ಸುಲಿದಿದ್ದೆ. ಮೆಷಿನ್ನಿಗೆ ಹಾಕಿದರೆ ಕೆಂಪು ಸಿಪ್ಪೆ ಹರಿದು ಬೀಜ ಮೊಳೆಯುವುದಿಲ್ಲವೆಂದು ಎಲ್ಲ ಕೈಯಲ್ಲೇ. ಬೆರಳೆಲ್ಲ ಬೊಬ್ಬೆ. ಆರಿಸಿ, ಚೀಲ ಕಟ್ಟಿ, ಇಲಿ ಮುಟ್ಟದಿರಲೆಂದು ಅಡುಗೆಮನೆಯಲ್ಲಿಟ್ಟು ಜಗಳೂರಿನ ಸಂತೆಗೆ ಹೋದೆ. ವಾಪಸು ಬರುವಷ್ಟರಲ್ಲಿ ಮನೆ ತುಂಬ ಘಮಘಮ. ಅತ್ತಿಗೆ ನ್ಯಾಮತಿಯ ತನ್ನ ತವರಿಗೂ ಸೇರಿಸಿ ಅದೇ ಬೀಜ ಹುರಿದು ಚಟ್ನಿಪುಡಿ ಕುಟ್ಟುತ್ತಿದ್ದಳು!

ಬಾಯಿಗೆ ಬಂದಂತೆ ಬೈದೆ. ಅವ್ವ ಗೂಡಿನ ಕಡೆ ನೋಡಿದಳು. ಅಣ್ಣ ನೀರಿನ ಲೋಟ ಹಿಡಿದು ಬಂದ.

"ಮಾತ್ರೆ ತಗಂಡ್ಯೇನವ್ವ?"

ತೆಗೆದುಕೊಂಡಿದ್ದೆನೇ? ಬೆಳಗಿನದೇ ನೆನಪಾಗಲಿಲ್ಲ. ಹಾಗಾದರೆ ಇದು ಕಾಯಿಲೆಯೇ ಇರಬೇಕು ಎಂದುಕೊಂಡು ಲೋಟಕ್ಕೆ ಕೈ ಚಾಚಿದೆ.

ಅತ್ತಿಗೆ ಒನಕೆ ಕೆಳಗಿಟ್ಟು ಗಂಡನ ಮುಖ ನೋಡಿದಳು. "ಬೀಜ ಹುರಿದೋಳು ನಾನು. ಮಾತ್ರೆ ಅವಳಿಗ್ಯಾಕ್ರಿ?"

ಆಮೇಲೆ ನನ್ನ ಕಡೆ ತಿರುಗಿದಳು. "ಬಿತ್ತನೆ ಬೀಜ ಅಡುಗೆಮನ್ಯಾಗೆ ಇಡ್ತಾರೇನೇ? ನಿನಗೆ ಬುದ್ಧಿ ಐತೋ ಇಲ್ಲೋ?"

ಕಾಯಿಲೆ ಬಿದ್ದಾಗಿನಿಂದ ನನ್ನೆದುರು ಯಾರೂ ಬುದ್ಧಿಯ ಮಾತೇ ಎತ್ತಿರಲಿಲ್ಲ. ಇವಳು ಎಲ್ಲರನ್ನೂ ಕೇಳುವ ಹಾಗೆ ನನ್ನನ್ನೂ ಕೇಳಿಬಿಟ್ಟಳು. ನಾನು ಬಿಡುತ್ತೇನೆಯೇ? ಚೀಲ ಬಿಚ್ಚುವ ಮೊದಲು ಒಂದು ಮಾತು ಕೇಳಬಾರದಿತ್ತಾ ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತೆ. ಇಬ್ಬರೂ ಓಣಿಗೆಲ್ಲ ಕೇಳುವಂತೆ ಜಗಳವಾಡಿದೆವು. ನಡುವೆಯೇ ನನಗೆ ಅಳು ಬಂತು. ಬೀಜ ಹೋಯಿತೆಂದೋ, ಸಂತೋಷಕ್ಕೋ, ಇವತ್ತಿಗೂ ಗೊತ್ತಿಲ್ಲ.

ಲೋಟ ಹಿಡಿದಿದ್ದ ಅಣ್ಣ ಕೊನೆಗೆ ನೀರನ್ನು ತಾನೇ ಕುಡಿದ.