ಚೂರಿನ ತಟ್ಟೆ

ಅಮೀನಗಡದಲ್ಲಿ ಬಸ್ಸು ನಿಲ್ಲುವುದು ಹತ್ತೇ ನಿಮಿಷ. ಅಷ್ಟರಲ್ಲಿ ಇಳಿದವರನ್ನು ಮಾತಾಡಿಸಿ, ಅಂಟು-ಬೆಲ್ಲದ ಕರದಂಟಿನ ರುಚಿ ತೋರಿಸಿ, ಪೊಟ್ಟಣ ಕಟ್ಟಿಕೊಟ್ಟು, ಕಂಡಕ್ಟರ್ ಸೀಟಿ ಊದುವ ಮೊದಲು ನಗುನಗುತ್ತ ಹತ್ತಿಸಿ ಕಳಿಸಬೇಕು. ಗುರುಲಿಂಗವ್ವನ ಅಂಗಡಿಯಲ್ಲಿ ಅವಳ ಕಿರಿಯ ಮಗಳು ಮಹೇಶ್ವರಿ ಎಂಟನೇ ವಯಸ್ಸಿಗೇ ಕಲಿತ ವಿದ್ಯೆ ಇದು. ಈಗ ಅವಳು ಗಗನಸಖಿ, ಮುಂಬೈಯಿಂದ ಲಂಡನ್ನಿಗೆ ಹಾರುವ ವಿಮಾನದ ಬಿಸಿನೆಸ್ ಕ್ಲಾಸಿನಲ್ಲಿ. ತರಬೇತಿ ಕೊಟ್ಟವರು ಎಲ್ಲ ತಾವೇ ಕಲಿಸಿದೆವು ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ, ಪಾಪ.

ಆ ಅಂಗಡಿಯಲ್ಲಿ ಮುರಿದ ಚೂರುಗಳ ತಟ್ಟೆ ಎಲ್ಲಕ್ಕಿಂತ ಮುಂದೆ ಇರುತ್ತಿತ್ತು. "ಮುರದದ್ದನ್ನ ಮದಲ ತೋರಸು. ನೀನ ಹೇಳಿದ್ರ ಅದು ಯಾಪಾರ, ಅವರ ಕಂಡು ಹಿಡದ್ರ ಅದು ಮೋಸ," ಎನ್ನುತ್ತಿದ್ದಳು ಅವ್ವ. ಚಂದಾಗಿ ಜೋಡಿಸಿಟ್ಟ ಇಡೀ ಕರದಂಟಿನ ಹತ್ತಿರ ಅಕ್ಕ ಐಶ್ವರ್ಯ ನಿಲ್ಲುತ್ತಿದ್ದಳು, ಚೂರಿನ ತಟ್ಟೆಯ ಮುಂದೆ ಯಾವಾಗಲೂ ಮಹೇಶ್ವರಿಯೇ. ಅವ್ವನಿಗೆ ಅಕ್ಕನ ಮೇಲೇ ಪ್ರೀತಿ ಎಂಬ ಸಿಟ್ಟು ಅವಳಿಗೆ ಎಷ್ಟೋ ವರ್ಷ ಹೋಗಲಿಲ್ಲ.

ಅವಳ ಪಾಲಿಗೆ ಬಂದ ವಿಮಾನ ಹತ್ತೊಂಬತ್ತು ವರ್ಷದ್ದು. ಎಂಜಿನ್ ಗಟ್ಟಿಮುಟ್ಟು, ಒಳಗಿನ ಸಿಂಗಾರ ಮಾತ್ರ ಮುಗಿದ ಕತೆ. ಮಂಚದ ಹಾಗೆ ಚಪ್ಪಟೆಯಾಗುತ್ತವೆಂದು ಹೆಸರಾದ ಸೀಟುಗಳಲ್ಲಿ ಒಂದು ಬಗ್ಗದು, ಇನ್ನೊಂದು ಬಗ್ಗಿದರೆ ಏಳದು. ಓದುವ ದೀಪ ತನಗೆ ಮನಸ್ಸು ಬಂದಾಗ ಹತ್ತುತ್ತದೆ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ. ಹೊಸ ಸೀಟುಗಳು ಬರುತ್ತವೆ, ಬರುತ್ತವೆ ಎನ್ನುತ್ತ ಕಂಪನಿ ಮೂರು ವರ್ಷ ಕಳೆದಿತ್ತು.

ಕಳೆದ ಚಳಿಗಾಲದ ಒಂದು ಮಧ್ಯಾಹ್ನ ಆ ವಿಮಾನದಲ್ಲೇ ಮಹೇಶ್ವರಿಗೆ ಪರೀಕ್ಷೆ. ಆರು ವರ್ಷದಿಂದ ಕಾಯುತ್ತಿದ್ದ ಇನ್‌ಚಾರ್ಜ್ ಹುದ್ದೆಗೆ ಅವಳು ತಕ್ಕವಳೋ ಅಲ್ಲವೋ ಎಂದು, ಪರೀಕ್ಷಕಿಯಾಗಿ ಜೊತೆಗೇ ಹಾರಲಿದ್ದ ಮೇಲಧಿಕಾರಿ ಪದ್ಮಜಾ ಮೇಡಂ ಬರೆದುಕೊಡಬೇಕಿತ್ತು. ಮೇಡಂ ಬಾಗಲಕೋಟೆಯವರು, ಹಿನ್ನೀರಿನಲ್ಲಿ ಮುಳುಗಿದ ಹಳೇ ಪೇಟೆಯ ಮನೆತನ. ನಮ್ಮ ಕಡೆಯವರು, ಸ್ವಲ್ಪ ಕೈ ಹಿಡಿದಾರು ಅಂದುಕೊಂಡರೆ ಕೆಟ್ಟಿರಿ. ಊರ ಮಾತು ಆಡುತ್ತಾಡುತ್ತಲೇ ತಪ್ಪು ಬರೆದುಕೊಳ್ಳುವ ಹೆಂಗಸು ಅವರು.

ಜನ ಹತ್ತತೊಡಗಿದರು. ಸಂಕೇತ ಎಂಬ ಎತ್ತರದ ಮನುಷ್ಯ ಸೊಂಟದ ಮೇಲೆ ಕೈಯಿಟ್ಟುಕೊಂಡು, ಒಂದೊಂದೇ ಹೆಜ್ಜೆ ಎಣಿಸಿದಂತೆ ಬಂದ. ಬೆನ್ನಿನ ಆಪರೇಷನ್ ಆಗಿ ಐದು ವಾರವಂತೆ. ಮಲಗಿಕೊಂಡೇ ಹೋಗಬೇಕು ಎಂದು ಡಾಕ್ಟರು ಹೇಳಿದ್ದಕ್ಕೇ ಈ ಟಿಕೆಟ್ಟು. ಅವನು ಕುಳಿತ ಸೀಟು ಅರ್ಧ ಬಗ್ಗಿ ನಿಂತುಬಿಡುವಂಥದ್ದು. ಬಿಸಿನೆಸ್ ಕ್ಲಾಸಿನಲ್ಲಿ ಬೇರೆ ಒಂದು ಸೀಟೂ ಖಾಲಿ ಇರಲಿಲ್ಲ. ಮಹೇಶ್ವರಿ ನೇರ ಮೇಡಂ ಹತ್ತಿರ ಹೋದಳು.

"ಈಗ ಹೇಳಬ್ಯಾಡ," ಎಂದರು ಪದ್ಮಜಾ. "ಇಳಸ್ರಿ ಅಂತ ಹಟಾ ಹಿಡದ್ರ ಅವನ ಸಾಮಾನು ಹುಡುಕಿ ತಗೀಬೇಕಾಗ್ತದ, ತಾಸುಗಟ್ಟಲೆ ತಡ. ಮ್ಯಾಲ ಹೋದ ಮ್ಯಾಲ ಸಾರಿ ಅಂದ್ರ ಆತು."

"ಮ್ಯಾಲ ಹೋದ ಮ್ಯಾಲ ಅವರು ಎಲ್ಲಿ ಇಳೀಬೇಕ್ರಿ ಮೇಡಂ?"

"ನಾ ಹೇಳೋದು ಹೇಳೇನಿ, ಮಹೇಶ್ವರಿ."

ಅವಳಿಗೆ ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾದೀತು. ಆರು ವರ್ಷದ ಆಸೆ, ಒಂದು ಮಾತಿಗೆ ನೀರಲ್ಲಿ ಹೋಮವಾಗಬಹುದು. ಆದರೂ ಬಾಗಿಲು ಮುಚ್ಚಲು ಇನ್ನೂ ಹತ್ತು ನಿಮಿಷ ಇತ್ತು. ಹತ್ತು ನಿಮಿಷ ಎಂದರೆ ಅಮೀನಗಡದವರಿಗೆ ಬೇಕಾದಷ್ಟಾಯಿತು. ಅವಳು ಸಂಕೇತನ ಪಕ್ಕದಲ್ಲಿ ಮೊಣಕಾಲೂರಿ ಕುಳಿತು, ಸೀಟು ಕೆಟ್ಟಿದೆ, ಪೂರ್ತಿ ಚಪ್ಪಟೆಯಾಗುವುದಿಲ್ಲ ಎಂದು ಹೇಳಿಯೇಬಿಟ್ಟಳು.

ಅವನು ಸಿಡಿದೆದ್ದ. ಇಂಥ ಡಕೋಟ ಸೀಟಿಗೆ ಇಷ್ಟು ದೊಡ್ಡ ಹೆಸರೇ, ನನ್ನನ್ನು ಈಗಲೇ ಇಳಿಸಿ ಎಂದು ಕೂಗಾಡಿದ. ಸುತ್ತಲಿನವರು ತಿರುಗಿ ನೋಡಿದರು. ದೂರದಲ್ಲಿ ಮೇಡಂ ಪೆನ್ನು ತೆಗೆದರು. ಮಹೇಶ್ವರಿ ಅವನು ಬೈದು ಮುಗಿಸುವವರೆಗೂ ಕೇಳಿದಳು. ಬಳಿಕ ನಾಲ್ಕು ನಿಮಿಷ ಕೊಡಿ ಎಂದು ಕೇಳಿಕೊಂಡು, ಹಿಂದಿನ ಸಾಲಿಗೆ ಹೋದಳು.

ಅಲ್ಲಿ ಸೊಲ್ಲಾಪುರದ ನೀಲಾಬಾಯಿ ಎಂಬ ಮುದುಕಿ ಕಾಲು ಮಡಚಿ ಕುಳಿತಿದ್ದಳು. ಮಲಗಿದರೆ ದಮ್ಮು ಬರುತ್ತದೆ, ಒರಗಿಯೇ ನಿದ್ದೆ ಮಾಡುವವಳು ತಾನು ಎಂದು ಹತ್ತಿದ ಕೂಡಲೇ ಎರಡು ದಿಂಬು ಜಾಸ್ತಿ ಕೇಳಿದ್ದಳು. ಗಿರಾಕಿಯ ಮಾತು ಮರೆಯುವ ಪೈಕಿಯವಳಲ್ಲ ಮಹೇಶ್ವರಿ.

"ಆಯಿ, ಒಬ್ಬರಿಗೆ ಬೆನ್ನ ಆಪರೇಷನ್ ಆಗೈತಿ, ಮಲಗಾಕ ಬೇಕು. ಅವರ ಸೀಟು ಅರ್ಧಕ್ಕ ನಿಲ್ಲತೈತಿ, ಪೂರಾ ಹೋಗಂಗಿಲ್ಲ. ಮದಲ ಕುಂತು ನೋಡ್ರಿ, ಬೇಕಾದ್ರ ಹೂಂ ಅನ್ರಿ, ಬ್ಯಾಡಾದ್ರ ಬಿಡ್ರಿ."

ಮುದುಕಿ ಎದ್ದು ಬಂದಳು. ಕುಳಿತಳು, ಒರಗಿದಳು, ಗುಂಡಿ ಒತ್ತಿಸಿಕೊಂಡಳು. ಸೀಟು ಗುರ್ರೆಂದು ಅರ್ಧಕ್ಕೆ ನಿಂತಿತು.

"ಅಯ್ಯ, ಇದು ನನ್ನ ಅಳತಿಗೇ ಕೆಟ್ಟೈತಲ್ಲವ್ವ!" ಎಂದಳು.

ಸಂಕೇತನಿಗೂ ನಗು ತಡೆಯಲಾಗಲಿಲ್ಲ. ಬಾಗಿಲು ಹೊತ್ತಿಗೆ ಸರಿಯಾಗಿ ಮುಚ್ಚಿತು. ವಿಮಾನ ಮೇಲೇರಿದ ಮೇಲೆ ಅವನು ಮುದುಕಿ ಬಿಟ್ಟುಕೊಟ್ಟ ಸೀಟಿನಲ್ಲಿ ಉದ್ದಕ್ಕೆ ಮಲಗಿ, ಲಂಡನ್ ಬರುವವರೆಗೂ ಹೆಚ್ಚುಕಡಿಮೆ ನಿದ್ದೆಯಲ್ಲೇ ಇದ್ದ.

ಇಳಿದ ಮೇಲೆ ಪದ್ಮಜಾ ಮೇಡಂ ಕಾಗದ ತೋರಿಸಿದರು. "ಹೇಳಿದ ಮಾತು ಕೇಳಂಗಿಲ್ಲ ಅಂತ ಬರದೇನಿ. ಅದು ಖರೇನ ಅದ." ಮಹೇಶ್ವರಿ ತಲೆ ತಗ್ಗಿಸಲಿಲ್ಲ. "ಇನ್‌ಚಾರ್ಜ್ ಮಾಡ್ರಿ ಅಂತನೂ ಬರದೇನಿ. ಅದೂ ಖರೇನ."

ತಿಂಗಳೊಪ್ಪತ್ತಿನಲ್ಲಿ ಆದೇಶ ಬಂತು. ಹುದ್ದೆ ಸಿಕ್ಕಿತು, ಜೊತೆಗೆ ಕಂಪನಿಯ ಎಲ್ಲಕ್ಕಿಂತ ಹಳೆಯ, ಇಪ್ಪತ್ತೆರಡು ವರ್ಷದ ವಿಮಾನವೂ ಸಿಕ್ಕಿತು. ಅದೇ ವಾರ ಹೊಸ ಸೀಟಿನ ಮೊದಲ ವಿಮಾನ ಬಂದಿತ್ತು, ಅದು ಬೇರೆಯವರ ಪಾಲಾಯಿತು. ಹಾಳೂರಿಗೆ ಉಳಿದವಳೇ ಗೌಡತಿ ಆದೆ ಅಂದುಕೊಂಡು, ಅವಳು ಅವ್ವನಿಗೆ ಫೋನ್ ಮಾಡಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೇಳಿಕೊಂಡಳು.

ಆ ಕಡೆ ಬಸ್ಸಿನ ಹಾರ್ನು ಕೇಳುತ್ತಿತ್ತು. ಗುರುಲಿಂಗವ್ವ ಯಾರಿಗೋ ಪೊಟ್ಟಣ ಕಟ್ಟುತ್ತಲೇ ಮಾತಾಡಿದಳು.

"ಇಡೀ ಕರದಂಟು ತಾನ ಮಾರಾಟ ಆಗತಿತ್ತವ್ವ, ಅದಕ್ಕ ನಿಮ್ಮಕ್ಕ ಸಾಕಾಗತಿದ್ಲು. ಚೂರು ಮಾರಾಕ ನನ್ನ ಕಡೆ ನೀ ಒಬ್ಬಾಕೀನ ಇದ್ದಿ."