ಮುಂದಕ್ಕೆ ಎಳೆದ ಸೀಟು

ನಮ್ಮ ಕಾರನ್ನು ಮರಕ್ಕೆ ಗುದ್ದಿದ ಗಂಡಸು ಯಾರು ಎಂದು ತೀರ್ಮಾನ ಮಾಡಲು ನಮ್ಮ ಪಡಸಾಲೆಯಲ್ಲಿ ಮೂವರು ಗಂಡಸರು ಕೂತಿದ್ದರು. ಗುದ್ದಿದ ನಾನು ಒಳಗೆ ಅವರಿಗೆ ಟೀ ಸೋಸುತ್ತಿದ್ದೆ.

ಒಬ್ಬರು ನಮ್ಮ ಮನೆಯವರು, ಹಣೆಗೆ ಪಟ್ಟಿ ಕಟ್ಟಿಸಿಕೊಂಡವರು. ಇನ್ನೊಬ್ಬ ಅವರ ತಮ್ಮ, ನನ್ನ ಮೈದುನ. ಮೂರನೆಯವನು ಇನ್ಶೂರೆನ್ಸ್ ಏಜೆಂಟ್. ಮೂವರೂ ಗಂಭೀರವಾಗಿ ಗಲ್ಲ ಕೆರೆದುಕೊಳ್ಳುತ್ತಿದ್ದರು.

ಆ ಕಾರು ನನ್ನದು. ಚಿಕ್ಕಜಾಜೂರಿನಲ್ಲಿ ನನ್ನದೊಂದು ದಾರ, ಗುಂಡಿ, ಲೈನಿಂಗ್ ಬಟ್ಟೆಯ ಅಂಗಡಿ. ಮೊದಲೆಲ್ಲ ಮಾಲು ತರಲು ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಬರುವಾಗ ಮೂಟೆ ತೊಡೆಯ ಮೇಲೆ, ಕಂಡಕ್ಟರನ ಬೈಗುಳ ಕಿವಿಯ ಮೇಲೆ. ಸಾಕಾಗಿ ಹೋಯಿತು. ಹೊಳಲ್ಕೆರೆಯ ಡ್ರೈವಿಂಗ್ ಸ್ಕೂಲಿಗೆ ಸೇರಿ, ಕಾಲೇಜು ಹುಡುಗರ ನಡುವೆ ಕ್ಲಚ್ಚು ತುಳಿಯುವುದು ಕಲಿತು, ಲೈಸೆನ್ಸ್ ತೆಗೆದುಕೊಂಡೆ. ಅಂಗಡಿಯ ದುಡ್ಡಿನಲ್ಲಿ ಒಂದು ಹಳೆಯ ಸಣ್ಣ ಕಾರು ಕೊಂಡೆ. ನಮ್ಮ ಮನೆಯವರು ರೈಲ್ವೆಯಲ್ಲಿದ್ದು ರಿಟೈರಾದವರು. ಹಳಿ ಇಲ್ಲದ ದಾರಿಯನ್ನು ನಂಬುವುದು ಹೇಗೆ ಎನ್ನುತ್ತ ಸ್ಟೇರಿಂಗ್ ಮುಟ್ಟಲೇ ಇಲ್ಲ.

ನಾನು ಕುಳ್ಳಿ. ಸೀಟನ್ನು ಪೂರ್ತಿ ಮುಂದಕ್ಕೆ ಎಳೆದು, ತವರಿನ ಕಂಬಳಿಯನ್ನು ಮಡಿಸಿ ಅದರ ಮೇಲೆ ಹಾಕಿದರೇ ನನಗೆ ರಸ್ತೆ ಕಾಣುವುದು. ವರ್ಷಗಳು ಕಳೆದಂತೆ ಸೀಟು ಅಲ್ಲೇ ತುಕ್ಕು ಹಿಡಿದು ಕೂತುಬಿಟ್ಟಿತು. ಎಣ್ಣೆ ಬಿಟ್ಟು ಸಡಿಲ ಮಾಡಿಕೊಡಲೇ ಎಂದು ಮೆಕ್ಯಾನಿಕ್ ಕೇಳಿದ್ದ. ಇರಲಿ ಬಿಡಪ್ಪ, ನನಗೆ ಸರಿಯಾಗಿದೆ ಎಂದಿದ್ದೆ.

ಹೊಸದುರ್ಗದಲ್ಲಿ ನೆಂಟರ ಮನೆಯ ನಿಶ್ಚಿತಾರ್ಥ ಮುಗಿಸಿ ಬರುತ್ತಿದ್ದೆವು. ತಿರುವು ದಾಟಿದರೆ ರಸ್ತೆ ತುಂಬಾ ಕುರಿ. ಬ್ರೇಕು ತುಳಿದೆ, ಮರಳಿನ ಮೇಲೆ ಕಾರು ಜಾರಿತು. ಮುಂದೆ ಕುರಿ, ಪಕ್ಕದಲ್ಲಿ ಹುಣಸೆಮರ. ನಾನು ಮರದ ಕಡೆ ತಿರುಗಿಸಿದೆ. ಕುರಿಗಳಿಗೆ ಒಂದು ಗೀರೂ ಆಗಲಿಲ್ಲ, ಕಾರಿನ ಎಡಗಡೆ ಮೂತಿ ಮಾತ್ರ ಅಪ್ಪಚ್ಚಿ. ಹೊಸದುರ್ಗ ಬಿಟ್ಟಾಗಿನಿಂದ ಗೊರಕೆ ಹೊಡೆಯುತ್ತಿದ್ದ ನಮ್ಮ ಮನೆಯವರು ಹಣೆ ಒಡೆದ ಮೇಲೆಯೇ ಕಣ್ಣು ಬಿಟ್ಟಿದ್ದು.

ಕಾರನ್ನು ಎಳೆಸಿಕೊಂಡು ಚಿತ್ರದುರ್ಗದಲ್ಲಿದ್ದ ನಮ್ಮ ಮೆಕ್ಯಾನಿಕ್‌ನ ಗ್ಯಾರೇಜಿಗೆ ಹಾಕಿಸಿದೆವು. ಕಂಪನಿಯ ಸರ್ವೇಯರ್ ಬಂದು ಸುತ್ತ ನೋಡಿ, ಟೋಟಲ್ ಲಾಸ್ ಎಂದ. ಈ ಹಳೇ ಗಾಡಿಯ ಬೆಲೆಗಿಂತ ರಿಪೇರಿಯೇ ಜಾಸ್ತಿ, ಕಂಪನಿ ಬೆಲೆ ಕೊಟ್ಟು ಕೈ ತೊಳೆದುಕೊಳ್ಳುತ್ತದೆ, ಗಾಡಿ ಗುಜರಿಗೆ ಹೋಗುತ್ತದೆ ಎಂದು ಬಿಡಿಸಿ ಹೇಳಿದ. ಹೊಟ್ಟೆ ಉರಿಯಿತು. ಆದರೂ ಆ ದುಡ್ಡು ಬಂದರೆ ಇನ್ನೊಂದು ಹಳೇ ಕಾರು ನೋಡಬಹುದಿತ್ತು. ಬರದಿದ್ದರೆ ಮತ್ತೆ ಅದೇ ಬಸ್ಸು, ಅದೇ ಮೂಟೆ, ಈ ವಯಸ್ಸಿನಲ್ಲಿ.

ಎಡವಟ್ಟು ಮಾಡಿದ್ದು ಮೈದುನ. ನಾನು ಆಸ್ಪತ್ರೆಯಲ್ಲಿ ಗಂಡನ ಹಣೆಗೆ ಹೊಲಿಗೆ ಹಾಕಿಸುತ್ತಿದ್ದಾಗ, ಏಜೆಂಟ್ ಸುದ್ದಿ ಮುಟ್ಟಿಸಿದ್ದರಿಂದ, ಇವನ ಕೈಯಲ್ಲಿದ್ದ ನನ್ನ ಫೋನಿಗೆ ಕಂಪನಿಯಿಂದ ಕರೆ ಬಂದಿತ್ತು. ಇವನು ಎತ್ತಿಕೊಂಡು, ಗಾಡಿ ಓಡಿಸುತ್ತಿದ್ದವರು ಯಾರು ಎಂದು ಕೇಳಿದ್ದಕ್ಕೆ, ನಮ್ಮಣ್ಣ ಎಂದುಬಿಟ್ಟಿದ್ದ. ಹೆಂಗಸು ಓಡಿಸುತ್ತಿದ್ದಳು ಎಂದರೆ ಯಾರೂ ದುಡ್ಡು ಕೊಡುವುದಿಲ್ಲ ಎಂಬುದು ಇವನ ಘನವಾದ ಲೆಕ್ಕಾಚಾರ. ಈಗ ಕಂಪನಿ ಅಣ್ಣನ ಲೈಸೆನ್ಸ್ ಕೊಡಿ ಎಂದು ಕೂತಿತ್ತು. ಸೈಕಲ್ಲನ್ನೂ ತಳ್ಳಿಕೊಂಡೇ ಹೋಗುವ ಮನುಷ್ಯನಿಗೆ ಎಲ್ಲಿಯ ಲೈಸೆನ್ಸ್?

ಅದಕ್ಕೇ ಈ ಪಂಚಾಯಿತಿ. ಮೈದುನನಿಗೆ ಲೈಸೆನ್ಸ್ ಇತ್ತು. ಹಾಗಾಗಿ, ಫೋನಿನಲ್ಲಿ ತಾನು ಹೇಳಿದ್ದು ಕಾರು ಅಣ್ಣನ ಮನೆಯದು ಅಂತ, ಓಡಿಸುತ್ತಿದ್ದವನು ತಾನೇ ಅಂತ ಅವನು ಹೇಳಿಬಿಡುವುದು. ಏಜೆಂಟ್ ಇದು ಪರವಾಗಿಲ್ಲ ಎಂದ. ನಡುವೆ ಒಂದು ಗಳಿಗೆ ಏಜೆಂಟನ ಲೈಸೆನ್ಸೂ ಮಾತಿಗೆ ಬಂತು. ಮಾತಿನಲ್ಲೇ ಊರಿನ ಗಂಡಸರೆಲ್ಲ ಸರದಿಯಂತೆ ನನ್ನ ಕಾರಿನಲ್ಲಿ ಕೂತು ಇಳಿದರು, ಒಬ್ಬರಿಗೂ ನನ್ನ ನೆನಪು ಬರಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು.

ಟೀ ತಟ್ಟೆಯನ್ನು ಅವರ ಮುಂದೆ ಕುಕ್ಕಿದೆ. "ಓಡಿಸ್ತಿದ್ದಿದ್ದು ನಾನು. ಲೈಸೆನ್ಸ್ ಐತೆ. ಅದನ್ನೇ ಕೊಡ್ರಿ."

ಏಜೆಂಟ್ ಮಗುವಿಗೆ ತಿಳಿಹೇಳುವ ದನಿ ತೆಗೆದ. ಮೊದಲು ಗಂಡ ಎಂದು ಹೇಳಿ, ಗಂಡನಿಗೆ ಲೈಸೆನ್ಸ್ ಇಲ್ಲ ಎಂದಾಗ ಹೆಂಡತಿ ಎಂದರೆ ಕಂಪನಿಯವರು ಅದನ್ನೇ ಸುಳ್ಳು ಅಂದುಕೊಳ್ಳುತ್ತಾರೆ, ಬರೋ ದುಡ್ಡೂ ಹೋಗುತ್ತದೆ ಎಂದ. ಸುಳ್ಳು ಹೇಳಿದರೆ ದುಡ್ಡು, ನಿಜ ಹೇಳಿದರೆ ಇಲ್ಲ. ನಾನು ನಮ್ಮ ಮನೆಯವರ ಮುಖ ನೋಡಿದೆ. ಅವರು ಲೋಟದೊಳಗೆ ನೋಡುತ್ತಿದ್ದರು.

"ಹೆಂಗೋ ಒಂದು ಆಗ್ಲಿ ಬಿಡು," ಅಂದರು.

ಮೈದುನನ ಮಾತಿಗೆ ಬರೀ ಸಿಟ್ಟು ಬಂದಿತ್ತು. ಇದಕ್ಕೆ ಅಳು ಬಂತು. ಇಷ್ಟು ವರ್ಷ ಇವರನ್ನು ಆಸ್ಪತ್ರೆಗೆ, ಮದುವೆಗೆ, ತಿಥಿಗೆ ಕರೆದುಕೊಂಡು ಹೋಗಿದ್ದು ಹೆಂಗೋ ಅಲ್ಲ, ನಾನು. ಅಡುಗೆಮನೆಗೆ ಹೋಗಿ ಮುಖ ತೊಳೆದುಕೊಂಡೆ. ಮಾರನೆಯ ದಿನ ಯಾರನ್ನೂ ಕೇಳದೆ ಕಂಪನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ವಿಚಾರಣೆಗೆ ಒಬ್ಬ ಅಧಿಕಾರಿಯನ್ನು ಗ್ಯಾರೇಜಿಗೆ ಕಳಿಸುತ್ತೇವೆ, ಎಲ್ಲರೂ ಬನ್ನಿ ಎಂದರು. ನಿಮ್ಮ ಕಾಲ ಮೇಲೆ ನೀವೇ ಕಲ್ಲು ಎತ್ತಿಹಾಕಿಕೊಂಡಿರಿ ಎಂದು ಏಜೆಂಟ್ ಫೋನ್ ಇಟ್ಟ.

ಬಂದ ಅಧಿಕಾರಿ ಕೆಟ್ಟವನೇನಲ್ಲ, ಆದರೆ ನಂಬುವ ಮುಖದವನೂ ಅಲ್ಲ. ಯಾಕೆ ಬ್ರೇಕ್ ಹಾಕಲಿಲ್ಲ ಎಂದು ಕೇಳಿದ. ಹಾಕಿದೆ, ಜಾರಿತು, ಕುರಿಗೆ ಜೀವ ಇದೆ, ಮರಕ್ಕೆ ಬುಡ ಗಟ್ಟಿ ಇದೆ, ಅದಕ್ಕೇ ಮರ ಆರಿಸಿಕೊಂಡೆ ಎಂದೆ. ಅವನು ನಕ್ಕ. ನಕ್ಕು, ನಿಮ್ಮ ಯಜಮಾನರನ್ನು ಉಳಿಸಲು ನೀವು ಮುಂದೆ ಬಂದಿದ್ದೀರಿ ಅನ್ನಿಸುತ್ತದೆ ಎಂದ.

ಆಗ ನನ್ನ ಕಣ್ಣು ಕಾರಿನ ಮೇಲೆ ಬಿತ್ತು. ಎಡಗಡೆ ಮುದ್ದೆಯಾಗಿದ್ದರೂ ಬಲಗಡೆ ಬಾಗಿಲು ನೆಟ್ಟಗಿತ್ತು. ತೆಗೆದೆ. ಸೀಟು ಇದ್ದಲ್ಲೇ ಇತ್ತು, ಮೇಲೆ ನನ್ನ ಕಂಬಳಿ.

"ಇವರು ಓಡಿಸಿದ್ರು ಅಂತೀರಲ್ಲ, ಕೂರಿಸಿ ನೋಡ್ರಿ," ಎಂದೆ.

ನಮ್ಮ ಮನೆಯವರು ಆರಡಿ ಆಳು. ಒಂದು ಕಾಲು ಒಳಗಿಟ್ಟರು, ಮಂಡಿ ಸ್ಟೇರಿಂಗಿಗೆ ಬಡಿಯಿತು. ತಲೆ ಬಗ್ಗಿಸಿ ಸೊಂಟ ತುರುಕಿದರು, ಇನ್ನೊಂದು ಕಾಲು ಹೊರಗೇ ಉಳಿಯಿತು. ಅಧಿಕಾರಿ ಸೀಟಿನ ಕೆಳಗಿನ ಹಿಡಿಕೆ ಎಳೆದ, ಎರಡೂ ಕೈಯಲ್ಲಿ ಜಗ್ಗಿದ. ಅಲ್ಲಾಡಲಿಲ್ಲ. ಅದು ಜಂಗು ಹಿಡಿದು ಎಷ್ಟೋ ವರ್ಷ ಆಯಿತು ಎಂದು ಮೆಕ್ಯಾನಿಕ್ ದೂರದಿಂದಲೇ ಕೂಗಿದ. ನಾನು ಮೈದುನನ ಕಡೆ ತಿರುಗಿ, ನೀನೂ ಬಾರಪ್ಪ, ನಿನ್ನ ಹೊಟ್ಟೆ ಹಿಡಿಯುತ್ತದೇನೋ ನೋಡೋಣ ಎಂದೆ. ಸರಿಯಾಗಿ ಆ ಹೊತ್ತಿಗೇ ಅವನಿಗೆ ಯಾರೋ ಫೋನ್ ಮಾಡಿದರು.

ಅಧಿಕಾರಿ ಕಾರಿನಲ್ಲಿ ಅರ್ಧ ಸಿಕ್ಕಿಕೊಂಡಿದ್ದ ನಮ್ಮ ಮನೆಯವರನ್ನು ಅಲ್ಲೇ ಕೇಳಿದ, ಓಡಿಸುತ್ತಿದ್ದವರು ಯಾರು ಎಂದು. ಇವರು ಇನ್ನೊಂದು ಸಲ ಹೆಂಗೋ ಎಂದಿದ್ದರೆ ನಾನು ಅಲ್ಲಿಂದಲೇ ತವರಿನ ಬಸ್ಸು ಹತ್ತುತ್ತಿದ್ದೆ.

"ಅವಳೇ ಸರ್. ನಾನು ನಿದ್ದೆ ಮಾಡ್ತಿದ್ದೆ," ಅಂದರು. ಸಿಕ್ಕಿಕೊಂಡ ಮಂಡಿಯನ್ನು ಬಿಡಿಸಿಕೊಳ್ಳುತ್ತ, "ಅವಳು ಓಡಿಸೋವಾಗ ನಂಗೆ ಧೈರ್ಯವಾಗಿ ನಿದ್ದೆ ಬರ್ತೈತೆ," ಎಂದು ಸೇರಿಸಿದರು.

ನನ್ನ ಅರ್ಧ ಸಿಟ್ಟು ಅಲ್ಲೇ ಇಳಿಯಿತು. ಇನ್ನರ್ಧ ಇಟ್ಟುಕೊಂಡೆ, ಸಂಸಾರದಲ್ಲಿ ಬೇಕಾಗುತ್ತದೆ.

ದುಡ್ಡು ಬಂತು, ನನ್ನ ಹೆಸರಿಗೇ ಬಂತು. ಹಿರಿಯೂರಿನ ಗುಜರಿಯವನು ಕಾರನ್ನು ಒಯ್ಯುವ ಮೊದಲು ಗ್ಯಾರೇಜಿಗೆ ಹೋಗಿ ಕಂಬಳಿ ತೆಗೆದುಕೊಂಡೆ. ಬಂದ ದುಡ್ಡಿಗೆ ಅಂಗಡಿಯ ಉಳಿತಾಯ ಸೇರಿಸಿ ಇನ್ನೊಂದು ಹಳೇ ಕಾರು ನೋಡಿದೆ. ಮಾರುವವನು ಗೇರು, ಮೈಲೇಜು ಎಲ್ಲವನ್ನೂ ನಮ್ಮ ಮನೆಯವರಿಗೆ ವಿವರಿಸಿದ. ಅವರು ಭಕ್ತಿಯಿಂದ ಕೇಳಿಸಿಕೊಂಡರು. ಕೀ ತೆಗೆದುಕೊಂಡು ನಾನು ನೇರವಾಗಿ ನಮ್ಮ ಮೆಕ್ಯಾನಿಕ್ ಹತ್ತಿರ ಹೋದೆ. ಸೀಟನ್ನು ಪೂರ್ತಿ ಮುಂದಕ್ಕೆ ಎಳೆದು, ಹಿಂದಕ್ಕೆ ಹೋಗದ ಹಾಗೆ ಬೋಲ್ಟ್ ಬಿಗಿದುಬಿಡು ಎಂದೆ.

"ಬ್ಯಾರೆ ಯಾರೂ ಓಡ್ಸಕ್ಕಾಗಲ್ಲ ಅಕ್ಕ," ಎಂದ.

"ಅದಕ್ಕೇ ಹೇಳ್ತಿರೋದು."

ಕಾರು ಮನೆಗೆ ಬಂದು ಇನ್ನೂ ಒಂದು ವಾರವಾಗಿರಲಿಲ್ಲ, ಮೈದುನ ಬಂದ. ಹೊಳಲ್ಕೆರೆಯಲ್ಲಿ ತುರ್ತು ಕೆಲಸವಿದೆ, ಕೀ ಕೊಡಿ ಅತ್ತಿಗೆ ಎಂದ. ಮೊಳೆಯಿಂದ ತೆಗೆದು ಕೊಟ್ಟೆ. ಅವನು ಬಾಗಿಲು ತೆಗೆದ, ಸೀಟು ನೋಡಿದ, ತನ್ನ ಹೊಟ್ಟೆ ನೋಡಿಕೊಂಡ. ಹಿಡಿಕೆ ಜಗ್ಗಿದ. ಮತ್ತೆ ಜಗ್ಗಿದ. ಆಮೇಲೆ ಬಾಗಿಲು ಮೆಲ್ಲಗೆ ಹಾಕಿ ಬಂದು ಕೀಯನ್ನು ನನ್ನ ಕೈಗೇ ಕೊಟ್ಟ.

"ನೀವೇ ಬಿಟ್ಟು ಬರ್ರಿ ಅತ್ತಿಗೆ," ಎಂದ.

ಕಂಬಳಿ ಸರಿಮಾಡಿಕೊಂಡು ಕೂತೆ. "ಬಾ, ಪಕ್ಕದಾಗೆ ಕುಂತ್ಕ," ಎಂದೆ.